ಕತ್ತೆಯ ಹಿಂಗಾಲು, ಒಂದು ಚಮಚ ಹಾಲು

ತಡೀರಿ, ಪುಟ ತಿರುವಬೇಡಿ. ಇನ್ನು ಸ್ವಲ್ಪ ಹೊತ್ತಿಗೆ ನಮ್ಮ ಓಣಿಯೊಳಗೆ ಒಂದು ಕತ್ತೆ ಬರುತ್ತದೆ. ಅದು ಬರುವ ತನಕ ನೀವು ನನ್ನ ಜೊತೆ ಕಟ್ಟೆಯ ಮೇಲೆ ಕೂತು ಕಾಯಬೇಕು. ಅದು ಅವಸರದ ಪ್ರಾಣಿಯಲ್ಲ. ಅದು ಬಂದ ಮೇಲೆ ಏನಾಯಿತು ಎಂದು ಕೇಳದೆ ಎದ್ದು ಹೋದರೆ ನಷ್ಟ ನಿಮ್ಮದೇ.

ಈ ನೆನಪು ಎದ್ದಿದ್ದು ಹೋದ ವಾರ. ದಾಂಡೇಲಿಯ ಹತ್ತಿರ ಕೋಗಿಲಬನದಲ್ಲಿ, ಹೊಳೆದಂಡೆಯ ಒಂದು ಸಣ್ಣ ಹೋಮ್‌ಸ್ಟೇಯಲ್ಲಿ ನಾನು ಬಂದವರ ಹೆಸರು ಬರೆದುಕೊಂಡು ಕೀಲಿಕೈ ಕೊಡುವ ಕೆಲಸ ಮಾಡುತ್ತೇನೆ. ಇಂಗ್ಲೆಂಡಿನಿಂದ ಬಂದ ಅಜ್ಜರೊಬ್ಬರು ಬೆಳಿಗ್ಗೆ ಚಹಾದ ಕಪ್ಪು ಹಿಡಿದು ನನ್ನ ಪಕ್ಕ ನಿಂತಿದ್ದರು. ಕಾಳಿ ನದಿಯ ಮೇಲೆ ಮಂಜು ಹಾಸಿಕೊಂಡು ಮಲಗಿತ್ತು. ಆಚೆ ದಂಡೆ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಯಾರೋ ಒದ್ದೆ ಚಾದರ ಕೊಡವಿದ ಹಾಗೆ ಹಾರ್ನ್‌ಬಿಲ್ ಹಕ್ಕಿಯೊಂದರ ರೆಕ್ಕೆಯ ಸದ್ದು ಮಾತ್ರ ನಮ್ಮ ತಲೆಯ ಮೇಲಿಂದ ಹಾದುಹೋಯಿತು. ಅಜ್ಜ ಕಣ್ಣು ಮುಚ್ಚಿಕೊಂಡೇ ಹೇಳಿದರು, ಈ ಸದ್ದು ಕೇಳಿ ಡಾಂಕೀಸ್ ಇಯರ್ಸ್ ಆಯಿತು ಅಂತ. ಕತ್ತೆಯ ವರ್ಷಗಳು. ಬಹಳ ಬಹಳ ಕಾಲವಾಯಿತು ಅನ್ನುವುದಕ್ಕೆ ಅವರ ಆಡುಮಾತಿನಲ್ಲಿ ಹಾಗನ್ನುತ್ತಾರೆ. ಅರ್ಥ ನನಗೆ ಗೊತ್ತಿತ್ತು. ಆದರೂ ಪೆನ್ನು ಕೈಯಿಂದ ಜಾರಿತು. ಯಾಕೆಂದರೆ ಇಂಗ್ಲಿಷಿನಲ್ಲಿ ಆ ಪ್ರಾಣಿಯ ಹೆಸರು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ನಾನು ಒಂದು ಕಾಲಕ್ಕೆ ತಿರುಗಾಡಿದ್ದೆ. ಆಗ ನನಗೆ ಹನ್ನೊಂದು ವರ್ಷ. ಒಂದೇ ಒಂದು ಒಳ್ಳೆಯ ಅರ್ಥ ಬೇಕಿತ್ತು ನನಗೆ.

ನಮ್ಮದು ದಾಂಡೇಲಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ಅಪ್ಪ ಪೇಪರ್ ಮಿಲ್ಲಿನಲ್ಲಿ ಕಾಗದದ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. ಅವನ ಪಾಳಿ ಯಾವುದೋ ಅದೇ ನಮ್ಮ ಮನೆಯ ಹವಾಮಾನ. ರಾತ್ರಿ ಪಾಳಿಯ ವಾರ ಬಂತೆಂದರೆ ಅಪ್ಪ ಬೆಳಿಗ್ಗೆ ಬಂದು ಮಲಗುತ್ತಿದ್ದ, ನಾವೆಲ್ಲ ಹಗಲಿಡೀ ಪಿಸುಮಾತಿನಲ್ಲಿ ಬದುಕುತ್ತಿದ್ದೆವು. ಅವನು ಮಲಗುವ ಕೋಣೆಯ ಕಿಟಕಿಗೆ ಮಿಲ್ಲಿನ ಹಳೇ ಫೆಲ್ಟು ಹೊಡೆದಿತ್ತು. ಹಸಿ ಕಾಗದವನ್ನು ಹೊತ್ತುಕೊಂಡು ಮಷೀನಿನೊಳಗೆ ಓಡುವ ದಪ್ಪ ಉಣ್ಣೆಯ ಬಟ್ಟೆ ಅದು. ಸವೆದ ಮೇಲೆ ದಾಂಡೇಲಿಯ ಎಷ್ಟೋ ಮನೆಗಳಲ್ಲಿ ಹಾಸಿಗೆಯಾಗಿ, ಪರದೆಯಾಗಿ ಇನ್ನೊಂದು ಜನ್ಮ ಪಡೆಯುತ್ತಿತ್ತು. ಅದರ ಮೂಲಕ ಬರುವ ಬೆಳಕು ಹಾಲು ಬೆರೆಸಿದ ಚಹಾದ ಬಣ್ಣದ್ದು. ಆ ಬೆಳಕಿನಲ್ಲಿ ಅಪ್ಪ ನೀರಿನಡಿ ಮಲಗಿದವನ ಹಾಗೆ ಕಾಣುತ್ತಿದ್ದ. ರೊಟ್ಟಿ ಬಡಿಯುವ ಸದ್ದಿಗೆ ಅವನಿಗೆ ಎಚ್ಚರವಾಗುತ್ತದೆಂದು ಆಯಿ, ಅಂದರೆ ಅಪ್ಪನ ಅವ್ವ, ಅವನು ಬರುವ ಮೊದಲೇ ಎದ್ದು ಇಡೀ ದಿನದ ರೊಟ್ಟಿ ಬಡಿದು ಬುಟ್ಟಿಯೊಳಗೆ ಮುಚ್ಚಿಡುತ್ತಿದ್ದಳು. ಹಾಗಾಗಿ ಆ ವಾರವೆಲ್ಲ ನಾವು ಆರಿದ ರೊಟ್ಟಿ ತಿನ್ನುತ್ತಿದ್ದೆವು. ಪಾತ್ರೆಗಳನ್ನು ಬಟ್ಟೆಯ ಮೇಲೆ ಇಡಬೇಕು. ಕೆಮ್ಮು ಬಂದರೆ ಹಿತ್ತಲಿಗೆ ಓಡಬೇಕು. ಇಷ್ಟಾದರೂ ಹಳಿಯಾಳದ ತೇರಗಾಂವದಲ್ಲಿ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡಿ ಬೆಳೆದ ಆಯಿಯ ಪಿಸುಮಾತು ಬೇರೆಯವರ ಮಾತಿಗಿಂತ ಜೋರಾಗಿರುತ್ತಿತ್ತು.

ನಾನು ಮೂರು ವರ್ಷ ತುಂಬುವವರೆಗೂ ಮಾತಾಡಲಿಲ್ಲವಂತೆ. ಪಿಸುಗುಡುವ ಮನೆಯಲ್ಲಿ ಹುಟ್ಟಿದ ಕೂಸು, ಮಾತು ಜೋರಾಗಿಯೂ ಇರುತ್ತದೆಂದು ಗೊತ್ತಾಗಿರಲಿಕ್ಕಿಲ್ಲ. ನಮ್ಮ ಕಡೆ ಕತ್ತೆ ಹಾಲು ಮಾರುವ ಹೆಂಗಸರು ಕತ್ತೆಯನ್ನೇ ಹೊಡೆದುಕೊಂಡು ಊರೂರು ತಿರುಗುತ್ತಾರೆ. ಕೂಸಿಗೆ ಕೆಮ್ಮಿದ್ದರೆ, ಮಾತು ತಡವಾದರೆ ಒಂದು ಚಮಚ ಕುಡಿಸಿದರೆ ಸಾಕೆಂಬ ನಂಬಿಕೆ. ಆಯಿ ಒಬ್ಬಳನ್ನು ನಿಲ್ಲಿಸಿ ನನಗೆ ಒಂದು ಚಮಚ ಕುಡಿಸಿದಳು. ಮುಂದಿನ ಅಮಾವಾಸ್ಯೆಯೊಳಗೆ ನಾನು "ಬಾ" ಅಂದೆ. ಆಮೇಲೆ ನಿಲ್ಲಿಸಲೇ ಇಲ್ಲ. ಈ ಕಥೆಯನ್ನು ಆಯಿ ಹಪ್ಪಳ ಒಣಗಿಸುವಾಗ, ಹೇನು ತೆಗೆಯುವಾಗ, ಬಸ್ಸಿಗೆ ಕಾಯುವಾಗ ಯಾರು ಸಿಕ್ಕರೂ ಹೇಳುತ್ತಿದ್ದಳು. ಅವ್ವ ಮಾತ್ರ ನಗುತ್ತಿದ್ದಳು, ಹಾಲು ಕುಡಿಸದಿದ್ದರೂ ಹುಡುಗಿ ಮಾತಾಡುತ್ತಿದ್ದಳು ಅಂತ. ಆಯಿ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಕತ್ತೆ ಅನ್ನುವುದು ನಮ್ಮ ಕಡೆಯವರ ಬಾಯಲ್ಲಿ ಕತ್ತಿ.

"ಏ ಕತ್ತಿ, ನೀರ ತಾ."

"ಬಾ ನನ್ನ ಕತ್ತಿ, ಜಡಿ ಹಾಕ್ತೇನಿ."

ಹಾಗೆ ಕರೆಸಿಕೊಂಡಾಗ ಎಣ್ಣೆ ಹಚ್ಚಿದ ಬೆರಳು ನೆತ್ತಿಯ ಮೇಲೆ ಆಡಿದ ಹಾಗೆ ಆಗುತ್ತಿತ್ತು. ಅದೊಂದು ಬೈಗುಳವೆಂದು ನನಗೆ ಅನ್ನಿಸಿದ್ದೇ ಇಲ್ಲ.

ಆರನೆಯ ಇಯತ್ತೆಯಲ್ಲಿ ಇಂಗ್ಲಿಷ್ ಅಕ್ಕೋರು, ನಿಮ್ಮ ಅಜ್ಜಿಯ ಬಗ್ಗೆ ಐದು ವಾಕ್ಯ ಹೇಳಿ ಎಂದರು. ನನಗೆ ಇಂಗ್ಲಿಷಿನ ಹುಚ್ಚು ಆಗಲೇ ಹಿಡಿದಿತ್ತು. ಬಿಸ್ಕಿಟಿನ ಪೊಟ್ಟಣ, ಲಾರಿಯ ಹಿಂಭಾಗ, ಔಷಧದ ಚೀಟಿ, ಎಲ್ಲವನ್ನೂ ಗಟ್ಟಿಯಾಗಿ ಓದುವವಳು. ಎಲ್ಲರ ಮುಂದೆ ನಿಂತು, ಎದೆಯುಬ್ಬಿಸಿ, ಮೂರನೆಯ ವಾಕ್ಯವಾಗಿ ಹೇಳಿದೆ: "ಮೈ ಗ್ರ್ಯಾಂಡ್‌ಮದರ್ ಗೇವ್ ಮಿ ಡಾಂಕಿ ಮಿಲ್ಕ್, ದೇರ್‌ಫೋರ್ ಐ ಆಮ್ ಸ್ಪೀಕಿಂಗ್ ವೆಲ್." ನಾಲ್ಕನೆಯ ವಾಕ್ಯ ಇವತ್ತಿನವರೆಗೂ ಯಾರೂ ಕೇಳಿಲ್ಲ. ಮೊದಲು ಹಿಂದಿನ ಬೆಂಚಿನಿಂದ ಕಿರಣ, ನಮ್ಮ ಓಣಿಯವನೇ, ಕತ್ತೆಯ ಹಾಗೆ ಒದರಿದ. ಆಮೇಲೆ ಇಡೀ ವರ್ಗವೇ ಒದರಿತು. ಅಕ್ಕೋರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಆ ಕೈಯ ಹಿಂದೆ ಏನಿತ್ತೆಂದು ನನಗೆ ಕಾಣುತ್ತಿತ್ತು. ಮರುದಿನದಿಂದ ನನ್ನ ಹೆಸರು ಡಾಂಕಿ.

"ಏ ಡಾಂಕಿ, ನಿಮ್ಮಪ್ಪ ಪೇಪರ ಮಾಡ್ತಾನ, ನೀ ಪೇಪರ ತಿಂತಿ. ಹಿಂಗಾದ್ರ ಮಿಲ್ಲು ಹೆಂಗ ನಡೀಬೇಕು?"

ಇದು ಕಿರಣನ ದೊಡ್ಡ ಜೋಕು. ಹಾಳಾದ್ದು, ಜೋಕು ಚೆನ್ನಾಗಿಯೂ ಇತ್ತು. ಕತ್ತಿ ಎಂದರೆ ಬೆಚ್ಚಗಾಗುತ್ತಿದ್ದವಳಿಗೆ ಡಾಂಕಿ ಎಂದರೆ ಚುಚ್ಚುತ್ತಿತ್ತು. ಪ್ರಾಣಿ ಅದೇ, ಕಿವಿ ಅವೇ. ಒಂದು ಆಯಿಯ ತೊಡೆಯ ಮೇಲೆ ಇದ್ದದ್ದು, ಇನ್ನೊಂದು ಬೋರ್ಡಿನ ಮುಂದೆ ಒಂಟಿಯಾಗಿ ನಿಂತದ್ದು. ಅಷ್ಟೇ ವ್ಯತ್ಯಾಸ.

ಒಂದು ಸಂಜೆ ಮನೆಗೆ ಬಂದವಳೇ ಪಾಟಿಚೀಲ ಎಸೆದೆ. ಆಯಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು.

"ನೀನ ನನ್ನ ಕತ್ತಿ ಮಾಡಿದಿ. ಹಾಲ ಕುಡಸಂತ ಯಾರು ಹೇಳಿದ್ರು ನಿನಗ? ನಾ ಮೂಗಿ ಇದ್ರೂ ಚಲೋ ಇತ್ತು!"

ಆಯಿಯ ಬೆರಳು ಬೇಳೆಯ ನಡುವೆ ನಿಂತುಬಿಟ್ಟಿತು. ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟಳು. ಆಮೇಲೆ ತಲೆ ಎತ್ತದೆ ಹೇಳಿದಳು:

"ಆತ್ರಿ ಗೌರವ್ವಾರ. ತಪ್ಪಾತು ನಮ್ಮದು."

ಗೌರಿ ಎಂಬ ಹೆಸರಿನ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ನಮ್ಮ ಕಡೆ ಮನೆಯ ಮಗುವಿಗೆ "ರೀ" ಹಚ್ಚಿ ಮಾತಾಡಿದರೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಮರುದಿನದಿಂದ ಅದೇ ಶುರುವಾಯಿತು. "ಊಟಾ ಮಾಡ್ರಿ." "ಜಡಿ ನಿಮ್ಮವ್ವನ ಕಡೆ ಹಾಕಿಸ್ಕೋರಿ." ಹಾಲು ಕುಡಿಸಿದ ಕಥೆಯನ್ನು ಆಯಿ ಯಾರಿಗೂ ಹೇಳಲಿಲ್ಲ, ಪಕ್ಕದ ಮನೆಯವರು ಕೇಳಿದರೂ, ನೆನಪಿಲ್ಲ ಬಿಡ್ರಿ, ಅಂದಳು. ನಾನೂ ಮಾತು ಬಿಟ್ಟೆ. ಶಾಲೆಯಲ್ಲಿ ಹಾಜರಿ ಕರೆದಾಗ ಕೈ ಎತ್ತುತ್ತಿದ್ದೆ, ಅಷ್ಟೇ. ಮನೆಯಲ್ಲಿ ಅಪ್ಪನಿಗೆ ಹಗಲ ಪಾಳಿ ಇದ್ದ ವಾರವೂ ನನ್ನ ದನಿ ಪಿಸುಮಾತಿನಿಂದ ಮೇಲೆ ಏರಲಿಲ್ಲ. ಆಯಿ ಇನ್ನೊಮ್ಮೆ ನನ್ನನ್ನು ಕತ್ತಿ ಅಂತ ಕರೆಯಲಿ ಎಂದು ರಾತ್ರಿ ಹಾಸಿಗೆಯಲ್ಲಿ ಕಾಯುತ್ತಿದ್ದೆ. ಆದರೆ ನಾನೇ ಹೋಗಿ ತಪ್ಪಾಯಿತು ಅನ್ನುವುದು ಹೇಗೆಂದು ಗೊತ್ತಿರಲಿಲ್ಲ.

ಆಗ ಕೈಗೆ ಬಂದದ್ದು ಆ ಡಿಕ್ಷನರಿ. ಮಿಲ್ಲಿಗೆ ಬರುವ ರದ್ದಿಯಲ್ಲಿ ಬಿದ್ದಿದ್ದನ್ನು ಅಪ್ಪ ಅಲ್ಲಿಯ ಸಾಹೇಬರನ್ನು ಕೇಳಿ ತಂದಿದ್ದ. ಹೊದಿಕೆ ಇಲ್ಲ, ಶುರುವಾಗುವುದೇ ಕ್ರೋ ಎಂಬ ಕಾಗೆಯಿಂದ, ಮುಗಿಯುವುದು ಪಿಲ್ಲೋ ಎಂಬ ದಿಂಬಿನ ಹತ್ತಿರ. ಆ ಡಿಕ್ಷನರಿಯ ಲೋಕದಲ್ಲಿ ಬೆಕ್ಕೂ ಇರಲಿಲ್ಲ, ಹುಲಿಯೂ ಇರಲಿಲ್ಲ. ಡಾಂಕಿ ಇತ್ತು. ಫೆಲ್ಟಿನ ಚಹಾ ಬಣ್ಣದ ಬೆಳಕಿನಲ್ಲಿ, ಅಪ್ಪನ ಗೊರಕೆಯ ಪಕ್ಕ ಬೋರಲು ಮಲಗಿ ನಾನು ಅದರ ಹಿಂದೆ ಹೊರಟೆ. ಮೊದಲ ಅರ್ಥ ಪ್ರಾಣಿ. ಎರಡನೆಯದು ದಡ್ಡ, ಹಟಮಾರಿ; ಕಿರಣನ ಅರ್ಥ. ಅಲ್ಲಿಗೇ ಮುಚ್ಚಿಡಬೇಕಿತ್ತು. ಆದರೆ ಕೆಳಗೆ ಇನ್ನೂ ಇತ್ತು. ಡಾಂಕಿ ವರ್ಕ್: ಯಾರ ಕಣ್ಣಿಗೂ ಬೀಳದ, ಬೇಸರದ, ಆದರೆ ಯಾರಾದರೂ ಮಾಡಲೇಬೇಕಾದ ದುಡಿಮೆ. ಅದನ್ನೋದಿ ಯಾಕೋ ತಿರುಗಿ ಅಪ್ಪನ ಅಂಗೈ ನೋಡಿದೆ. ಡಾಂಕಿ ಜಾಕೆಟ್: ಚಳಿಯಲ್ಲಿ ಕೂಲಿ ಮಾಡುವವರು ತೊಡುವ ದಪ್ಪ ಕೋಟು. ಡಾಂಕೀಸ್ ಇಯರ್ಸ್: ಬಹಳ ಕಾಲ. ಕತ್ತೆಗಳು ಮಂಜಿನೊಳಗೆ ಸಾಲಾಗಿ ನಡೆಯುತ್ತಿರುವಂತೆ, ಒಂದೊಂದರ ಬೆನ್ನ ಮೇಲೂ ಒಂದೊಂದು ವರ್ಷ ಹೇರಿದಂತೆ ಕಾಣುತ್ತಿತ್ತು ನನಗೆ. ಇಂಗ್ಲಿಷಿನವರು ಈ ಬಡಪ್ರಾಣಿಯ ಮೇಲೆ ಏನೇನೆಲ್ಲ ಹೇರಿದ್ದಾರಲ್ಲ, ಎಂದು ಬರೆದುಕೊಂಡೆ. ಬರೆಯಲು ಅಪ್ಪ ತರುತ್ತಿದ್ದ ಕಾಗದದ ಅಂಚಿನ ತುಂಡುಗಳಿದ್ದವು.

ಅಪ್ಪ ಒಂದು ಮಧ್ಯಾಹ್ನ ಕಣ್ಣು ಬಿಟ್ಟು ಮಲಗಿದಲ್ಲಿಂದಲೇ ನೋಡುತ್ತಿದ್ದ.

"ಏನ ಹುಡುಕಾಕತ್ತಿ, ಗೌರಾ?"

ತೋರಿಸಿದೆ. ಅಪ್ಪ ಅಕ್ಷರ ಕೂಡಿಸಿ ಕೂಡಿಸಿ ಓದಿದ.

"ಡಾಂಕಿ ಪಂಪ್ ಬರದಿಲ್ಲ ಇದ್ರಾಗ? ಬಾಯ್ಲರ್ ಕಡೆ ಹಳೇ ಮಂದಿ ಒಂದು ಸಣ್ಣ ಪಂಪಿಗೆ ಹಂಗ ಅಂತಿದ್ರು. ದೊಡ್ಡ ಪಂಪ್ ಬಂದ್ ಬಿದ್ದಾಗ ಅದ ನೀರ ಕೊಡೂದು. ಅದಿಲ್ಲಂದ್ರ ಬಾಯ್ಲರ್ ಹೋತು ಅಂತನ ತಿಳಿ."

ಇಷ್ಟು ಹೇಳಿ ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋದ. ಅಪ್ಪ ನಿದ್ದೆಯ ದಂಡೆಗೆ ಬಂದು ಏನಾದರೊಂದು ಕೊಟ್ಟು ಹೋಗುವವನು. ಡಾಂಕಿ ಪಂಪ್ ಅನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡೆ. ಆದರೆ ನನ್ನ ಎದೆ ಹೊಡೆದುಕೊಂಡದ್ದು ಡಿಕ್ಷನರಿಯ ಅದೇ ಪುಟದ ಕೊನೆಯ ಸಾಲಿಗೆ. ಯಾರಾದರೂ ತಡೆಯಿಲ್ಲದೆ ಮಾತಾಡುತ್ತಿದ್ದರೆ ಇಂಗ್ಲಿಷಿನಲ್ಲಿ, ಅವರು ಕತ್ತೆಯ ಹಿಂಗಾಲು ಕಳಚಿ ಬೀಳುವ ಹಾಗೆ ಮಾತಾಡುತ್ತಾರೆ ಅನ್ನುತ್ತಾರಂತೆ. ಕತ್ತೆ ಮತ್ತು ಮಾತು, ಎರಡೂ ಒಂದೇ ಸಾಲಿನಲ್ಲಿ. ಹಾಲು ಕುಡಿಸಿದ ತೇರಗಾಂವದ ನನ್ನ ಆಯಿಗೂ, ಸಮುದ್ರದಾಚೆ ಯಾವನೋ ವಾಚಾಳಿಗೂ ಈ ಗುಟ್ಟು ಗೊತ್ತಿತ್ತೆಂದು ಅನ್ನಿಸಿ ಮೈ ಜುಮ್ಮೆಂದಿತು. ಓಡಿಹೋಗಿ ಆಯಿಗೆ ಹೇಳಬೇಕಿತ್ತು. ಅಡುಗೆಮನೆಯ ಹೊಸ್ತಿಲವರೆಗೆ ಹೋದೆ ಕೂಡ.

"ಏನ ಬೇಕಾಗಿತ್ತುರಿ ಗೌರವ್ವಾರ?"

ಏನಿಲ್ಲ ಎಂದು ತಲೆಯಾಡಿಸಿ ಹಿಂದೆ ಬಂದೆ.

ಆ ವರ್ಷವೇ ನನಗೊಬ್ಬ ತಮ್ಮ ಹುಟ್ಟಿದ್ದ. ಐದು ತಿಂಗಳ ಕೂಸಿಗೆ ಕೆಮ್ಮು ಹಿಡಿಯಿತು. ಅವ್ವ ಅವನನ್ನು ದವಾಖಾನೆಗೆ ಒಯ್ದು ಔಷಧ ತಂದಿದ್ದಳು, ಕೆಮ್ಮು ಇಳಿಯುತ್ತಲೂ ಇತ್ತು. ಆದರೆ ಆಯಿ ಒಂದು ಹಳೇ ಸೀರೆಯನ್ನು ಮಡಿಚಿ ಕಿಟಕಿಯ ಹತ್ತಿರ ಇಟ್ಟುಕೊಂಡು ಕೂತಳು. ಕತ್ತೆ ಹಾಲಿನವರಿಗೆ ಕೊಡುವುದಕ್ಕೆ. ಅಪ್ಪ ಮಲಗಿದ್ದರಿಂದ ಅತ್ತೆ ಸೊಸೆಯ ಜಗಳ ಪಿಸುಮಾತಿನಲ್ಲೇ ನಡೆಯಿತು. ಕಣ್ಣು, ಕೈ, ಬಳೆ ಎಲ್ಲ ಜಗಳದವು, ದನಿ ಮಾತ್ರ ಪೂಜೆಯದು.

"ಸಿಸ್ಟರ್ ಹೇಳ್ಯಾರ್ರಿ ಅತ್ತಿ, ಆರು ತಿಂಗಳ ತನಕಾ ತಾಯಿ ಹಾಲು ಬಿಟ್ಟು ಬ್ಯಾರೆ ಏನೂ ಹಾಕಬ್ಯಾಡ್ರಿ ಅಂತ."

"ನಿಮ್ಮ ಸಿಸ್ಟರಿಗೆ ಎಷ್ಟು ಮಕ್ಕಳು?"

"ಆಕೀದು ಇನ್ನೂ ಲಗ್ನ ಆಗಿಲ್ಲರಿ."

"ಹಂಗಾರ ಮುಗೀತು."

"ಏನ ಮುಗೀತ್ರಿ? ಓದಿಕೊಂಡಾಕಿ ಆಕಿ."

"ನಾ ನಾಕು ಹಡದಾಕಿ."

ಇವತ್ತು ಕೇಳಿದರೆ ನಾನು ಅವ್ವನ ಕಡೆಗೇ; ಆ ವಯಸ್ಸಿನ ಕೂಸಿಗೆ ಅದನ್ನು ಕುಡಿಸಲೇಬಾರದು. ಆದರೆ ಆವತ್ತು ನನ್ನ ಕಣ್ಣು ಆ ಮಡಿಚಿದ ಸೀರೆಯ ಮೇಲಿತ್ತು. ಆಯಿ ಮತ್ತೆ ಒಂದು ಮಗುವಿಗೆ ಮಾತು ಕೊಡಲು ಹೊರಟಿದ್ದಳು. ಮೊದಲು ಕೊಟ್ಟದ್ದನ್ನು ನಾನು ಮುಖಕ್ಕೆ ಎಸೆದಿದ್ದೆನಲ್ಲ.

ಕತ್ತೆ ಬಂದದ್ದು ಭಾನುವಾರ. ಬಿಸಿಲು ಇನ್ನೂ ಎಳೆಯದಿತ್ತು. ಮಿಲ್ಲಿನ ಹೊಗೆ ಆಕಾಶದಲ್ಲಿ ಹಿಂಜಿದ ಹತ್ತಿಯ ಹಾಗೆ ನಿಂತಿತ್ತು. ಕಿರಣ ಮತ್ತು ನಾಲ್ಕಾರು ಹುಡುಗರು ಓಣಿಯಲ್ಲಿ ಗೋಲಿ ಆಡುತ್ತಿದ್ದರು. ಎಲ್ಲಿಂದಲೋ, ಕನಸಿನಲ್ಲಿ ಕರೆದಂತೆ, ಎಳೆದ ದನಿ ಬಂತು:

"ಕತ್ತಿ ಹಾಲ ಬೇಕೇನ್ರೀ... ಕೂಸಿಗೆ ಕೆಮ್ಮ ಇದ್ರ... ಮಾತ ಬರದಿದ್ರ... ಕತ್ತಿ ಹಾಲಽ..."

ಆಯಿ ಸೀರೆ ಎತ್ತಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಆ ಹೆಂಗಸು ನಮ್ಮ ಮನೆ ದಾಟಿ, ಅವಳ ಹಿಂದೆ ಕತ್ತೆ, ಕತ್ತೆಯ ಹಿಂದೆ ಅದರ ಮರಿ, ತಿರುವಿನ ಹತ್ತಿರ ಮುಟ್ಟಿದ್ದರು. ಆಯಿಗೆ ಮೊಣಕಾಲು ನೋವು, ಓಡಲಾರಳು. ಕೂಗಿದರೆ ಒಳಗೆ ಮಗನಿಗೆ ಎಚ್ಚರವಾಗುತ್ತದೆ. ಅಷ್ಟು ವರ್ಷ ಆ ನಿದ್ದೆಯನ್ನು ಕಾದವಳು ಅವಳು. ಅವಳ ಬಾಯಿ ತೆರೆಯಿತು, ಮುಚ್ಚಿತು. ನನ್ನ ಕಡೆ ನೋಡಿದಳು. ಏನೋ ನೆನಪಾಗಿ ಕೂಡಲೇ ಮುಖ ತಿರುಗಿಸಿಕೊಂಡಳು. ಅವಳು ಕೇಳುವುದಿಲ್ಲವೆಂದು ನನಗೆ ಗೊತ್ತಾಯಿತು. ಕತ್ತೆಯ ಬಾಲ ತಿರುವಿನಲ್ಲಿ ಮರೆಯಾಗುತ್ತಿತ್ತು.

"ಹಾಲಿನಕ್ಕಾ! ನಿಂದರ್ರೀ! ಏ ಕತ್ತಿ ಹಾಲಿನಕ್ಕಾ!"

ಆ ದನಿ ನನ್ನದೆಂದು ನನಗೇ ಗೊತ್ತಾಗಲು ಒಂದು ಕ್ಷಣ ಬೇಕಾಯಿತು. ಗೋಲಿಯಾಟ ನಿಂತಿತು. ಎದುರು ಮನೆಯ ಬಾಗಿಲು ತೆರೆಯಿತು. ಒಳಗೆ ಮಂಚ ಕಿರ್ ಎಂದಿತು. ಫೆಲ್ಟಿನ ಹಿಂದಿನಿಂದ ಅಪ್ಪನ ದನಿ:

"ಯಾರು ಕೂಗಿದ್ದು?"

"ನಿಮ್ಮ ಮಗಳು," ಅಂದಳು ಅವ್ವ, ಕೂಸನ್ನೆತ್ತಿಕೊಂಡು ಹೊಸ್ತಿಲಿಗೆ ಬರುತ್ತ.

"ಗೌರಾನ?"

"ಹೂಂ."

"ಹಂಗಾರ ಮಲಗ್ತೇನಿ."

ಹಾಲಿನಾಕೆ ಬಂದಳು. ಕತ್ತೆಯ ಕಣ್ಣಿನ ಸುತ್ತ ಬಿಳಿಯ ಉಂಗುರ, ಬಹಳ ಹೊತ್ತು ಅತ್ತು ಸಮಾಧಾನವಾದವರ ಮುಖ. ಮರಿಯನ್ನು ಮೂಗಿನಿಂದ ಮೆಲ್ಲಗೆ ತಳ್ಳುತ್ತ ನಿಂತಿತು. ಆಕೆ ಕುಕ್ಕರಗಾಲಲ್ಲಿ ಕೂತು ಸಣ್ಣ ಬಟ್ಟಲಿಗೆ ನಾಲ್ಕು ಎಳೆ ಹಾಲು ಕರೆದಳು. ಆಯಿ ಚಮಚದಲ್ಲಿ ತೆಗೆದುಕೊಂಡು ಕೂಸಿನ ಕಡೆ ತಿರುಗಿದಳು. ಅವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಈ ಸಲ ಪಿಸುಮಾತಿನಲ್ಲಲ್ಲ.

"ಬ್ಯಾಡ್ರಿ ಅತ್ತಿ. ನಾ ಹೇಳೇನಲ್ಲ."

ಓಣಿಯೆಲ್ಲ ನೋಡುತ್ತಿತ್ತು. ಹಾಲಿನಾಕೆ ಎದ್ದು ನಿಂತಳು.

"ಯವ್ವಾ, ಮರಿ ಪಾಲಿಂದು ತಗದು ಕೊಟ್ಟೇನಿ. ಅದರ ಕಣ್ಣ ಮುಂದ ಚೆಲ್ಲಬಾರದು. ಇಟ್ಟೂ ಕುಡಿಯೂ ಹಂಗಿಲ್ಲ. ಬಿಸಿ ಇದ್ದಾಗ ಯಾರರ ಕುಡೀರಿ."

ಆಯಿಯ ಕೈ ಚಮಚ ಹಿಡಿದು ಗಾಳಿಯಲ್ಲಿ ನಿಂತಿತ್ತು. ಕೂಸಿನ ಕಡೆ ಹೋಗುವಂತಿಲ್ಲ, ಬಟ್ಟಲಿಗೆ ಮರಳುವಂತಿಲ್ಲ. ಚಮಚದಿಂದ ಒಂದು ಹನಿ ಅವಳ ಹೆಬ್ಬೆರಳ ಮೇಲೆ ಬಿತ್ತು. ಆ ಹನಿ ನನಗೆ ಇವತ್ತಿಗೂ ಕಾಣುತ್ತದೆ.

"ನನಗ ಕುಡಸು ಆಯಿ," ಎಂದೆ.

"ಮಂದಿ ನೋಡಾಕತ್ತಾರ್ರಿ ಗೌರವ್ವಾರ."

"ನೋಡ್ಲಿ."

ಕಿರಣ ಒದರಿದ. ನಾನು ಬಾಯಿ ತೆರೆದು ನಿಂತೆ, ಹಕ್ಕಿಮರಿಯ ಹಾಗೆ. ಆಯಿ ಒಂದು ಗಳಿಗೆ ನನ್ನ ಮುಖವನ್ನೇ ನೋಡಿ ಚಮಚವನ್ನು ನಾಲಿಗೆಯ ಮೇಲೆ ಮಗುಚಿದಳು. ತೆಳ್ಳಗೆ, ಉಗುರುಬೆಚ್ಚಗೆ, ಇಷ್ಟೇ ಇಷ್ಟು ಸಿಹಿ. ಯಾರೋ ಸಕ್ಕರೆಯ ಡಬ್ಬಿ ತೊಳೆದ ನೀರಿನ ಹಾಗೆ. ಬಟ್ಟಲಲ್ಲಿ ಉಳಿದದ್ದನ್ನೂ ಎತ್ತಿ ಕುಡಿದೆ. ಆಮೇಲೆ ಇಷ್ಟು ದಿನ ಗಂಟಲಲ್ಲಿ ಕೂತಿದ್ದು ಹೊರಗೆ ಬಂತು.

"ಆಯಿ, ಇಂಗ್ಲಿಷ್ ಮಂದಿ ಏನಂತಾರ ಗೊತ್ತೇನು? ಭಾಳ ಮಾತಾಡಾವ್ರು ಕತ್ತಿ ಹಿಂಗಾಲ ಕಳಚಿ ಬೀಳೂ ಹಂಗ ಮಾತಾಡ್ತಾರ ಅಂತಾರ. ಖರೇನ, ಡಿಕ್ಷನರಿಯೊಳಗ ಐತಿ. ಅಪ್ಪನ ಮಿಲ್ಲಿನ್ಯಾಗ ಡಾಂಕಿ ಪಂಪ್ ಅಂತ ಒಂದು ಐತಿ, ಅದಿಲ್ಲಂದ್ರ ಬಾಯ್ಲರ್ ಉಳಿಯೂದಿಲ್ಲ. ಮತ್ತ ಭಾಳ ದಿನಾ ಆತು ಅನ್ನಾಕ..."

"ಅಯ್ಯ, ನನ್ನ ಕತ್ತಿ ಕಾಲರ ಬಿಡವ್ವಾ!" ಅಂದಳು ಹಾಲಿನಾಕೆ, ಕತ್ತೆಯ ಹಿಂಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ಅದು ಇನ್ನೂ ಹಳಿಯಾಳ ದಾಟಿ ಮುಂಡಗೋಡ ಮುಟ್ಟಬೇಕು!"

ಮೊದಲು ಅವ್ವ ನಕ್ಕಳು. ಆಮೇಲೆ ಎದುರು ಮನೆಯವರು, ಗೋಲಿಯ ಹುಡುಗರು, ಕಿರಣನೂ. ನಗುತ್ತ ಒದರಲು ಬರುವುದಿಲ್ಲ, ಹಾಗಾಗಿ ಅವನು ನಕ್ಕ ಅಷ್ಟೇ. ಆಯಿ ನಗಲಿಲ್ಲ. ಹಳೇ ಸೀರೆಯನ್ನು ಹಾಲಿನಾಕೆಯ ಹೆಗಲ ಮೇಲೆ ಹಾಕಿ ಕಳಿಸಿದಳು. ನನ್ನ ಹತ್ತಿರ ಬಂದು ಸೆರಗಿನ ತುದಿಯಿಂದ ತುಟಿ ಒರೆಸಿದಳು, ಬೇಕಾದದ್ದಕ್ಕಿಂತ ಜೋರಾಗಿ.

"ಕುಡಿಯಾಕೂ ಬರಂಗಿಲ್ಲ ಇದಕ್ಕ. ನಡಿ ಒಳಗ, ಕತ್ತಿ."

ಹೋದ ವಾರ, ಆ ಅಜ್ಜ ಮಂಜಿನೊಳಗೆ ತಿರುಗಾಡಲು ಹೋದ ಮೇಲೆ, ತೇರಗಾಂವದಲ್ಲಿ ಕಾಕಾನ ಮನೆಯಲ್ಲಿರುವ ಆಯಿಗೆ ಫೋನು ಹಚ್ಚಿದೆ. ಡಾಂಕೀಸ್ ಇಯರ್ಸ್ ಅಂದರೇನೆಂದು ವಿವರಿಸಿದೆ. ಆವತ್ತು ಓಣಿಯಲ್ಲಿ ಅರ್ಧಕ್ಕೇ ನಿಂತ ಮಾತು ಅದು. ಆಯಿ, "ಕತ್ತಿಗೆ ವಯಸ್ಸೆಷ್ಟಂತ ಯಾರರ ಕೇಳ್ಯಾರೇನು? ಅದಕ್ಕ ಹಂಗಂತಾರ," ಎಂದಳು. ಇಷ್ಟು ಒಳ್ಳೆಯ ವಿವರಣೆ ನನಗೆ ಯಾವ ಡಿಕ್ಷನರಿಯಲ್ಲೂ ಸಿಕ್ಕಿಲ್ಲ. ಫೋನು ಇಡುವ ಮುಂಚೆ, ಇಷ್ಟು ಹೊತ್ತು ಮಾತಾಡಿದ್ದು ಯಾರು ಎಂದು ಪಕ್ಕದವರು ಯಾರೋ ಕೇಳಿದ್ದು ನನಗೂ ಕೇಳಿಸಿತು. "ನಮ್ಮ ಕತ್ತಿ," ಅಂದಳು.

ನಿಮ್ಮನ್ನೂ ಮನೆಯಲ್ಲಿ ಯಾರಾದರೂ ಯಾವುದೋ ಒಂದು ಪ್ರಾಣಿಯ ಹೆಸರಿನಿಂದ ಕರೆದಿರಬೇಕಲ್ಲ? ಎಮ್ಮೆ, ಮಂಗ್ಯಾ, ಗೂಬಿ, ಏನಾದರೊಂದು. ಯಾರು ಕರೆಯುತ್ತಿದ್ದರು, ಯಾವ ದನಿಯಲ್ಲಿ, ಕೊನೆಯ ಸಲ ಯಾವಾಗ? ನಾಚಿಕೊಳ್ಳಬೇಡಿ, ಬರೆದು ಕಳಿಸಿ. ಇಂಗ್ಲಿಷಿನವರು ಅದರ ಮೇಲೆ ಏನೇನು ಹೇರಿದ್ದಾರೆಂದು ಹುಡುಕುವ ಕೆಲಸ ನನ್ನದು. ಆ ದನಿ ಮಾತ್ರ ನನಗೆ ಸಿಗುವುದಿಲ್ಲ, ಅದನ್ನು ನೀವೇ ಹೇಳಬೇಕು.